ಏಳನೇ ನಂಬರಿನಲ್ಲಿ ಉಳಿದ ಪಾಠಗಳು

ಬಾಗಲಗುಂಟೆಯಲ್ಲಿ ಹನುಮಂತಯ್ಯನವರ ಮನೆ ಯಾವುದು ಎಂದು ಕೇಳಿದರೆ, ಹಿಂದುಗಡೆ ಶೀಟು ಹೊದಿಸಿದ ಹನ್ನೆರಡು ಬಾಡಿಗೆ ಮನೆಗಳಿರುವುದು ಎಂದು ಯಾರಾದರೂ ಕೈತೋರಿಸುತ್ತಾರೆ. ಒಂದು ಕಾಲಕ್ಕೆ ಅಲ್ಲಿ ರಾಗಿ ಹೊಲವಿತ್ತಂತೆ. ವೇಣಿ ಸೊಸೆಯಾಗಿ ಕಾಲಿಡುವ ಹೊತ್ತಿಗೆ ಹೊಲದ ಗುರುತೂ ಇರಲಿಲ್ಲ. ಪೀಣ್ಯದ ಕಾರ್ಖಾನೆ ಶೆಡ್ಡುಗಳಿಗೆ ಶಿಫ್ಟಿಗೆ ಹೋಗುವವರ ಒಗೆದ ಬಟ್ಟೆಗಳು ಅಲ್ಲಿ ತಂತಿಯ ಮೇಲೆ ತೂಗುತ್ತಿದ್ದವು.

ವೇಣಿ ಡಿ.ಎಡ್. ಓದಿದವಳು. ಟೀಚರ್ ಕೆಲಸಕ್ಕೆ ಮೂರು ಸಲ ಪರೀಕ್ಷೆ ಬರೆದು, ಮೂರನೆಯದನ್ನು ಏಳು ತಿಂಗಳ ಬಸುರಿಯಾಗಿ ಬರೆದು, ಆಮೇಲೆ ಕೈಬಿಟ್ಟಳು. ಆಗ ಹೊಟ್ಟೆಯಲ್ಲಿದ್ದ ಬಿಂದುಶ್ರೀಗೆ ಈಗ ನಾಲ್ಕು ವರ್ಷ. ಗಂಡ ಭಾನುಪ್ರಕಾಶ್ ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡು ಅಚ್ಚೊತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದವನು. ಮೂರು ವರ್ಷದ ಹಿಂದೆ ಬಲಗೈಯ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿದ ಮೇಲೆ ಅದೇ ಶೆಡ್ಡಿನ ಸ್ಟೋರಿನಲ್ಲಿ ಕೂತು ಸಾಮಾನು ಎತ್ತಿ ಕೊಡುತ್ತಾನೆ. ಆ ವರ್ಷ ಆರ್ಡರಿನ ಅವಸರದಲ್ಲಿ ಓನರು ಆಯುಧ ಪೂಜೆಯ ದಿನವೂ ಪ್ರೆಸ್ ನಿಲ್ಲಿಸಿರಲಿಲ್ಲ. ಹನ್ನೆರಡನೇ ದಿನಕ್ಕೆ ಬೆರಳು ಹೋದವು. ಅತ್ತೆ ಭದ್ರಮ್ಮ ಆ ಹನ್ನೆರಡು ದಿನಗಳನ್ನು ಇವತ್ತಿಗೂ ಗೆಣ್ಣು ಹಿಡಿದು ಎಣಿಸುತ್ತಾರೆ.

ಲ್ಯಾಪ್‌ಟಾಪುಗಳು ಬಂದದ್ದು ಅದರ ಮುಂದಿನ ವರ್ಷ. ಯಾವುದೋ ಕಂಪನಿಯ ಟ್ರಸ್ಟಿನವರು ಊರಿನ ಸರ್ಕಾರಿ ಶಾಲೆಗೆ ಏಳು ಪುಟ್ಟ ಲ್ಯಾಪ್‌ಟಾಪು ಕೊಟ್ಟರು. ಮಕ್ಕಳಿಗೆಂದೇ ಮಾಡಿದವು, ಸುತ್ತ ಹಸಿರು ರಬ್ಬರಿನ ಅಂಚು, ಎತ್ತಿಕೊಳ್ಳಲು ಒಂದು ಹಿಡಿಕೆ. ಶಾಲೆಯ ಕೋಣೆಗೆ ಗಟ್ಟಿ ಬೀಗವಿರಲಿಲ್ಲ. ಶಾಲೆಯ ಸಮಿತಿಗೆ ಅಧ್ಯಕ್ಷರಾಗಿದ್ದ ಮಾವ ಹನುಮಂತಯ್ಯ ರಿಜಿಸ್ಟರಿಗೆ ಸಹಿ ಹಾಕಿ, ಏಳನ್ನೂ ತಂದು ತಮ್ಮ ಮನೆಯ ಬೀರುವಿನಲ್ಲಿ ಇಟ್ಟರು.

ಒಳಗಿದ್ದ ಪಾಠಗಳೆಲ್ಲ ಇಂಗ್ಲಿಷಿನವು. ಹಿಮದಲ್ಲಿ ಗೊಂಬೆ ಕಟ್ಟುವ ಮಕ್ಕಳು, ಯಾವುದೋ ದೇಶದ ಸೇಬು ಮಾರುವ ಅಂಗಡಿ. ಇಂಟರ್ನೆಟ್ಟು ಶಾಲೆಯಲ್ಲೂ ಇರಲಿಲ್ಲ, ಶೀಟಿನ ಮನೆಗಳಲ್ಲೂ ಇರಲಿಲ್ಲ. ಟ್ರಸ್ಟಿನಿಂದ ಬರುತ್ತಿದ್ದ ವಸಂತ್ ಎಂಬ ಹುಡುಗ ಎರಡು ಶನಿವಾರ ಕೂತು ವೇಣಿಗೆ ಕೆಲಸ ಕಲಿಸಿದ. ಫೋನಿನಲ್ಲಿ ಫೋಟೋ ತೆಗೆಯುವುದು, ಅದಕ್ಕೆ ದನಿ ಕೂಡಿಸುವುದು, ಪೆನ್‌ಡ್ರೈವಿನಲ್ಲಿ ಒಂದೊಂದು ಲ್ಯಾಪ್‌ಟಾಪಿಗೂ ಇಳಿಸುವುದು. "ನೆಟ್ ಬೇಕಾಗಿಲ್ಲ ಮೇಡಂ. ನೀವೇ ಒಂದು ಪುಟ್ಟ ನೆಟ್ ಅಂದ್ಕೊಳಿ," ಎಂದಿದ್ದ. ಆಮೇಲೆ ಅವನಿಗೆ ಬೇರೆ ಕಡೆ ಕೆಲಸವಾಗಿ ಬರುವುದು ನಿಂತುಹೋಯಿತು.

ವೇಣಿ ಮಾಡಿದ ಮೊದಲ ಪಾಠ ನೀರಿನ ಟ್ಯಾಂಕಿನದು. ಹಿಂದಿನ ಮನೆಗಳಿಗೆ ನೀರು ಬಿಡುವ ಕಪ್ಪು ಟ್ಯಾಂಕು ಕಾಲು ತುಂಬಿದಾಗ, ಅರ್ಧ ತುಂಬಿದಾಗ, ಮುಕ್ಕಾಲು ತುಂಬಿದಾಗ ಒಂದೊಂದು ಫೋಟೋ. ಜೊತೆಗೆ ಅವಳ ದನಿಯಲ್ಲಿ ಭಿನ್ನರಾಶಿ. ನೀರಿಗಾಗಿ ಬೆಳಗ್ಗೆ ಬಿಂದಿಗೆ ಹಿಡಿದು ನಿಲ್ಲುವ ಮಕ್ಕಳಿಗೆ ಕಾಲು ಎಂದರೆ ಎಷ್ಟು ಎಂದು ಬೇರೆ ಹೇಳಬೇಕಿರಲಿಲ್ಲ. ಬಸ್ಸಿನ ಬೋರ್ಡುಗಳಿಂದ ಅಕ್ಷರ, ಭಾನು ಸ್ಟೋರಿನಿಂದ ತಂದ ನಟ್ಟು ಬೋಲ್ಟುಗಳಿಂದ ಅಳತೆ. ದನಿ ತುಂಬುವುದಕ್ಕೆ ಭಾನುವಾರವೇ ಆಗಬೇಕು, ಶೆಡ್ಡುಗಳ ಸದ್ದು ಅವತ್ತು ಮಾತ್ರ ಕಡಿಮೆ. ಆದರೂ ಎಲ್ಲಾದರೂ ಒಂದು ಪ್ರೆಸ್ಸು ಧಡ್ ಎನ್ನುತ್ತಿತ್ತು. ಇಪ್ಪತ್ತಮೂರನೇ ಪಾಠದ ಮಧ್ಯೆ ಬಿಂದುಶ್ರೀ "ಅಮ್ಮಾ, ಉಚ್ಚೆ!" ಎಂದು ಕೂಗಿದ್ದು ಹಾಗೇ ಉಳಿದುಹೋಯಿತು. ಮಕ್ಕಳು ಆ ಜಾಗವನ್ನೇ ಹುಡುಕಿ ಹುಡುಕಿ ಹಾಕಿಕೊಂಡು ನಗುತ್ತಿದ್ದರು. ತೆಗೆದುಹಾಕಲು ಹೋದರೆ, "ಬ್ಯಾಡ್ರಿ ಅಕ್ಕೋರ, ಅದಿದ್ದರ ಪಾಠ ನೆನಪಿರ್ತದ," ಎಂದು ತಡೆದವಳು ಉಮಾಶ್ರೀ.

ಉಮಾಶ್ರೀ ಒಂಬತ್ತನೇ ನಂಬರಿನ ಶೀಟಿನ ಮನೆಯ ಸಂಗಣ್ಣನ ಮಗಳು, ಐದನೇ ಕ್ಲಾಸು. ಯಾದಗಿರಿ ಕಡೆಯವರು. ಸಂಗಣ್ಣನಿಗೆ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ. ಆಸಿಡ್ಡಿನ ಹೊಗೆಗೆ ಅವನ ಅಂಗಿಗಳೆಲ್ಲ ಜರಡಿಯಾಗಿದ್ದವು. ಅಪ್ಪ ಕೆಲಸ ಬದಲಿಸಿದ ಹಾಗೆಲ್ಲ ಮಗಳು ಐದು ವರ್ಷಕ್ಕೆ ಮೂರು ಶಾಲೆ ಕಂಡಿದ್ದಳು. ಫೆಬ್ರವರಿಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೆ ಆರನೇ ಕ್ಲಾಸಿನಿಂದ ಹನ್ನೆರಡರವರೆಗೆ ಊಟ, ಹಾಸಿಗೆ, ಪುಸ್ತಕ ಎಲ್ಲ ಅಲ್ಲೇ. ವೇಣಿಯೇ ಕೂರಿಸಿಕೊಂಡು ಅರ್ಜಿ ತುಂಬಿಸಿದ್ದಳು.

"ಏಳು ವರ್ಸ ಒಂದ ಸಾಲಿಯೊಳಗ ಇರಾಕ ಬಿಡ್ತಾರ್ರಿ ಅಕ್ಕೋರ?" ಎಂದು ಹುಡುಗಿ ಕೇಳಿದ್ದಳು.

"ಬಿಡ್ತಾರೆ. ಓಡಿಸಿದ್ರೂ ಬರಬೇಡ, ಅಲ್ಲೇ ಕೂತ್ಕೋ."

ಆ ಹುಡುಗಿಗಾಗಿಯೇ ವೇಣಿ ಪರೀಕ್ಷೆಯ ಪಾಠಗಳನ್ನು ಮಾಡತೊಡಗಿದಳು. ಒಟ್ಟು ನೂರಾ ಹನ್ನೆರಡಾದವು. ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಜಾಗ ಕಡಿಮೆ. ಹೊಸ ಪಾಠ ಬಂದರೆ ಮಕ್ಕಳು ಹಳೆಯದನ್ನು ಅಳಿಸುತ್ತಿದ್ದರು. ವೇಣಿಯ ಫೋನೂ ಅಷ್ಟೇ, ಪಾಠ ಇಳಿಸಿದ ಮೇಲೆ ಫೋನಿನದನ್ನು ತೆಗೆಯಲೇಬೇಕು. ಎಲ್ಲವೂ ಇದ್ದದ್ದು ಎರಡರಲ್ಲಿ ಮಾತ್ರ. ಒಂದು, ವೇಣಿ ಕೆಲಸ ಮಾಡುತ್ತಿದ್ದ ಒಂದನೇ ನಂಬರು. ಇನ್ನೊಂದು ಏಳನೆಯದು. ಅದನ್ನು ಉಮಾಶ್ರೀ ಮನೆಗೆ ಒಯ್ಯುತ್ತಿದ್ದಳು, ಅವಳು ಪಾಠದ ಬದಲು ಆಟಗಳನ್ನೇ ಅಳಿಸಿಬಿಟ್ಟಿದ್ದಳು.

ಆಯುಧ ಪೂಜೆಗೆ ಎರಡು ದಿನವಿದ್ದಾಗ ಸಂಗಣ್ಣನ ತಾಯಿ ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಹಬ್ಬದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಗಣ್ಣ ಒಬ್ಬನೇ ನಿಂತುಕೊಂಡು ಹೋದ. ಹೆಂಡತಿ ಗಂಗಮ್ಮ, ಉಮಾಶ್ರೀ ಮತ್ತು ಸಣ್ಣ ಮಗು ಹಬ್ಬ ಮುಗಿದ ಮೇಲೆ ಹೋಗುವುದೆಂದಾಯಿತು.

ಹಬ್ಬದ ಬೆಳಗ್ಗೆ ಭದ್ರಮ್ಮ ಬೀರು ತೆಗೆದರು.

"ಆರೇ ಅವೆಯಲ್ಲ, ಇನ್ನೊಂದೆಲ್ಲಿ?"

"ಉಮಾಶ್ರೀ ಹತ್ರ ಇದೆ ಅತ್ತೆ. ತರಿಸ್ಲಾ?"

"ಬ್ಯಾಡ ಕಣಮ್ಮ. ಸೂತಕದ ಮನೇದು. ಅಲ್ಲೇ ಇರ್ಲಿ."

ಹಾಲು ಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದ ಗಂಗಮ್ಮ, "ನಮ್ಮೊಳಗ ಸೂತಕ ಹಿಡಿಯಂಗಿಲ್ರಿ ಅವ್ವಾರ. ಲಿಂಗ ಕಟ್ಟಿದ ಮಂದಿ ನಾವು," ಎಂದಳು.

"ನಿಮ್ಮೊಳ್ಗೆ ಇಲ್ದಿದ್ರೆ ಏನಂತೆ, ನಮ್ಮ ಮನೆ ಪೂಜೆ ಅಲ್ವಾ," ಎಂದು ಭದ್ರಮ್ಮ ಹಾಲು ಅಳೆದುಕೊಟ್ಟು ಕಳಿಸಿದರು.

ಜಗಲಿಯ ಮೇಲೆ ಮಣೆ ಹಾಕಿ, ಭಾನುವಿನ ಬೈಕು, ನೀರಿನ ಮೋಟರು, ಮಿಕ್ಸಿ, ಕುಡುಗೋಲು, ಎಲ್ಲದರ ಜೊತೆ ಆರು ಲ್ಯಾಪ್‌ಟಾಪುಗಳನ್ನೂ ಇಟ್ಟರು. ಮುಚ್ಚಿಟ್ಟರೆ ಪೂಜೆ ತಟ್ಟುವುದಿಲ್ಲ ಎಂದು ಒಂದೊಂದನ್ನೂ ಭದ್ರಮ್ಮನೇ ಬಿಡಿಸಿದರು. ಒಂದನೇ ನಂಬರಿಗೆ ಚುಚ್ಚಿದ್ದ ಪೆನ್‌ಡ್ರೈವನ್ನೂ ಬಿಡಲಿಲ್ಲ, ಅದರ ಬೆನ್ನಿಗೂ ಒಂದು ಬೊಟ್ಟು ಕುಂಕುಮ. ಪರದೆಗೆ ಮೂರು ಎಳೆ ವಿಭೂತಿ, ಹಿಡಿಕೆಗೆ ಚೆಂಡು ಹೂವು. ಭಾನು ಪಕ್ಕದಲ್ಲಿ ನಿಂತು, "ಅವ್ವ, ಈ ಸಲ ಮಕ್ಕಳು ಎಲ್ಲಾ ಫಸ್ಟ್ ಕ್ಲಾಸು ಬಿಡು," ಎಂದು ರೇಗಿಸುತ್ತಿದ್ದ.

"ನಗು, ನಗು. ಆವತ್ತು ನಿಮ್ಮ ಓನರೂ ಇಂಗೇ ನಗ್ತಿದ್ದ."

ಭಾನು ಬೈಕಿನ ಹಾರ ಸರಿಮಾಡಿದ. ಭದ್ರಮ್ಮ ಪಂಚಾಮೃತದ ಬಟ್ಟಲಿಗೆ ಮಾವಿನ ಎಲೆ ಅದ್ದಿ ಸಾಲಾಗಿ ಚಿಮುಕಿಸುತ್ತ ಬಂದರು. ಹಾಲು, ಜೇನು, ಸಕ್ಕರೆ. ಹನಿಗಳು ಕೀಲಿಮಣೆಯ ಮೇಲೆ ಬಿದ್ದು, ಸಂದಿಗಳಲ್ಲಿ ನಿಧಾನವಾಗಿ ಇಳಿದದ್ದನ್ನು ವೇಣಿ ಕಂಡಳು. ಸೆರಗಿನ ತುದಿ ಹಿಡಿದು ಬಗ್ಗಿದಳು.

"ಏಯ್, ಒರುಸ್ಬಾರ್ದು ಕಣೇ ಇವತ್ತು!" ಭದ್ರಮ್ಮ ಅವಳ ಕೈ ಹಿಡಿದರು. "ಪೂಜೆಗಿಟ್ಟಿದ್ದನ್ನ ಮುಟ್ಟಿ ಒರುಸಿದ್ರೆ ಏನು ಬಂತು? ನಾಳೆ ಎತ್ತಿದ ಮ್ಯಾಕೆ ಒರುಸ್ಕೋ."

ಸಲಕರಣೆಗಳನ್ನು ಪೂಜೆಗಿಟ್ಟ ಮೇಲೆ ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ, ಪೀಣ್ಯದ ಯಾವ ಶೆಡ್ಡಿನಲ್ಲೂ ಇದೇ ಕ್ರಮ. 'ಅತ್ತೆ, ನೀರು ಹೋದ್ರೆ ಇವು ಕೆಟ್ಟುಹೋಗ್ತವೆ' ಎಂಬ ಒಂದು ಮಾತು ವೇಣಿಯ ನಾಲಿಗೆಯ ತುದಿಯವರೆಗೆ ಬಂತು. ಅದೇ ಹೊತ್ತಿಗೆ ಭಾನು ಆರತಿಯ ತಟ್ಟೆ ಎತ್ತಿಕೊಂಡ, ಉಳಿದ ಮೂರು ಬೆರಳಿನಲ್ಲಿ. ಭದ್ರಮ್ಮನ ಕಣ್ಣು ಆ ಕೈಯ ಮೇಲೇ ಇತ್ತು. ವೇಣಿ ಸೆರಗು ಬಿಟ್ಟು ನೆಟ್ಟಗೆ ನಿಂತಳು. ನಾಲ್ಕು ಹನಿ ತಾನೆ, ಒಣಗುತ್ತದೆ ಎಂದುಕೊಂಡಳು.

ಮರುದಿನ ಬೆಳಗ್ಗೆ ಎತ್ತಲು ಹೋದರೆ ಜಗಲಿಯ ಮೇಲೆ ಇರುವೆಯ ಸಾಲು. ಒಂದನೇ ನಂಬರಿನ ಅಕ್ಷರಗಳ ನಡುವಿನಿಂದ ಕೆಂಪಿರುವೆಗಳು ಹೊರಬರುತ್ತಿದ್ದವು, ಒಳಗೆ ಹೋಗುತ್ತಿದ್ದವು. ವೇಣಿ ಅದನ್ನು ಎತ್ತಿ ಕೊಡವಿದಳು. ಊದಿದಳು, ಒರೆಸಿದಳು, ಬಿಸಿಲಿಗೆ ಹತ್ತು ನಿಮಿಷ ಇಟ್ಟಳು. ತಡೆಯಲಾಗಲಿಲ್ಲ. ಉಳಿದಿದೆಯೋ ಇಲ್ಲವೋ ನೋಡಿಬಿಡೋಣವೆಂದು ಗುಂಡಿ ಒತ್ತಿದಳು. ನೀಲಿ ದೀಪ ಒಮ್ಮೆ ಮಿಣುಕಿ, ಸುಟ್ಟ ವಾಸನೆ ಬಂದು, ಆರಿತು. ಎರಡನೆಯದೂ ಹಾಗೇ. ಆರನೆಯದನ್ನು ಒತ್ತುವ ಹೊತ್ತಿಗೆ ಅವಳಿಗೆ ಗೊತ್ತಾಗಿತ್ತು, ಆದರೂ ಒತ್ತಿದಳು.

ಅವತ್ತು ಹಬ್ಬದಲ್ಲೂ ದಾಸರಹಳ್ಳಿಯಲ್ಲಿ ರಿಪೇರಿ ಅಂಗಡಿ ತೆಗೆದಿದ್ದ ದೇವರಾಜ್ ಒಂದೊಂದನ್ನೇ ಬಿಚ್ಚಿ ನೋಡಿ, ಬ್ರಷ್ಷು ಕೆಳಗಿಟ್ಟ.

"ಬೋರ್ಡ್ ಹೋಗಿದೆ ಅಕ್ಕ. ಒಣಗೋಕೆ ನಾಲ್ಕು ದಿನ ಬಿಟ್ಟು ತಂದಿದ್ರೆ ಒಂದೆರಡಾದ್ರೂ ಉಳಿಸಬಹುದಿತ್ತೇನೋ. ಒದ್ದೇಲಿ ಆನ್ ಮಾಡ್ಬಿಟ್ಟಿದೀರ."

"ಒಳಗಿರೋದನ್ನ ತೆಗೆಯೋಕಾಗಲ್ವಾ? ಪಾಠ ಇದ್ವು."

"ದೊಡ್ಡ ಲ್ಯಾಪ್‌ಟಾಪ್ ಆಗಿದ್ರೆ ಡಿಸ್ಕ್ ಬಿಚ್ಚಿ ಕೊಡ್ತಿದ್ದೆ. ಇದ್ರಲ್ಲಿ ಬೋರ್ಡಿಗೇ ಬೆಸ್ದಿರ್ತಾರೆ. ಬೋರ್ಡ್ ಹೋದ್ರೆ ಎಲ್ಲಾ ಹೋಯ್ತು." ಪೆನ್‌ಡ್ರೈವನ್ನು ಮೂಸಿ ನೋಡಿದ. "ಇದಕ್ಕೂ ಕುಡಿಸಿದೀರಲ್ಲ."

ವೇಣಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಮನೆಗೆ ಬಂದು ಅತ್ತೆಗೆ ಏನೂ ಹೇಳಲಿಲ್ಲ. ಭದ್ರಮ್ಮ ತಾವಾಗಿಯೇ ಬಂದು ಬಾಗಿಲ ಹತ್ತಿರ ನಿಂತು, "ನಾನೇ ಕೆಡಿಸ್ದೆ ಅಲ್ವೇನೇ?" ಎಂದರು. "ಇಲ್ಲ ಅತ್ತೆ, ಹಳೇವು," ಎಂದು ವೇಣಿ ಅಕ್ಕಿ ತೊಳೆದಳು.

ಏಳನೆಯದೊಂದು ಉಳಿದಿತ್ತು. ಅವತ್ತೇ ಮಧ್ಯಾಹ್ನ ಗಂಗಮ್ಮನ ಮನೆಗೆ ಹೋದರೆ ಅವಳು ಗಂಟು ಕಟ್ಟುತ್ತಿದ್ದಳು, ಸಂಜೆಗೆ ಬಸ್ಸು. ಉಮಾಶ್ರೀ ಲ್ಯಾಪ್‌ಟಾಪನ್ನು ಒರೆಸಿ, ಚಾರ್ಜರ್ ಸುತ್ತಿ, ವಾಪಸು ಕೊಡಲು ತಯಾರಾಗಿ ಹೊಸ್ತಿಲ ಮೇಲೆ ಕೂತಿದ್ದಳು. ಆರರ ಸುದ್ದಿ ಮಕ್ಕಳಿಗೆಲ್ಲ ಗೊತ್ತಾಗಿತ್ತು.

ವೇಣಿ ಅದನ್ನು ಕೈಗೆ ತೆಗೆದುಕೊಂಡಳು. ನೂರಾ ಹನ್ನೆರಡು ಪಾಠಗಳು, ಇನ್ನೆಲ್ಲೂ ಇಲ್ಲದವು, ಇದೊಂದರಲ್ಲಿ. ಹಬ್ಬದ ದಿನ ಹೊಸ ಪೆನ್‌ಡ್ರೈವ್ ಹುಡುಕಿ ತಂದು ಎಲ್ಲವನ್ನೂ ಇಳಿಸಿಕೊಳ್ಳುವಷ್ಟರಲ್ಲಿ ಇವರ ಬಸ್ಸು ಹೊರಟಿರುತ್ತದೆ.

"ಯಾವಾಗ ಬರ್ತೀರ ಗಂಗಮ್ಮ?"

"ದಿನದ ಕಾರ್ಯ ಮುಗಿಸ್ಕೊಂಡು ಹತ್ತು ದಿನಕ್ಕ ಬಂದಬಿಡ್ತೀವ್ರಿ."

ಹತ್ತು ದಿನ ಓದದೆ ಕೂತರೆ ಹುಡುಗಿಗೆ ಆಗುವ ನಷ್ಟ ವೇಣಿಗೆ ಗೊತ್ತಿತ್ತು. ಲ್ಯಾಪ್‌ಟಾಪನ್ನು ಅವಳ ಮಡಿಲಿಗೇ ಇಟ್ಟಳು. "ತಗೊಂಡು ಹೋಗು. ದಿನಕ್ಕೆರಡು ಪಾಠ. ಜೋಪಾನ ಕಣೇ, ಇನ್ನು ಇದೊಂದೇ."

ಮಾವನಿಗೆ ಹೇಳಬೇಕಿತ್ತು. ಸಹಿ ಅವರದು. ಆರು ಸುಟ್ಟ ಸಂಕಟದಲ್ಲಿ ಅವರು ಬೆಳಗ್ಗೆಯಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಏಳನೆಯದನ್ನು ಊರಿಗೆ ಕಳಿಸಿದೆ ಎಂದರೆ ಏನೆಂದಾರೋ. ಹತ್ತು ದಿನ ತಾನೆ, ಬಂದ ಮೇಲೆ ಹೇಳಿದರಾಯಿತು ಎಂದು ವೇಣಿ ಮಾತು ಮುಂದೂಡಿದಳು.

ಹತ್ತು ದಿನ ಹದಿನೆಂಟಾಯಿತು. ಒಂದು ಮಧ್ಯಾಹ್ನ ಯಾರದೋ ಫೋನಿನಿಂದ ಸಂಗಣ್ಣ ಮಾತಾಡಿದ. ಪ್ಲೇಟಿಂಗ್ ಶೆಡ್ಡಿನವರು ಅವನ ಜಾಗಕ್ಕೆ ಬೇರೆಯವನನ್ನು ಇಟ್ಟುಕೊಂಡಿದ್ದರು. ಹೆಂಡತಿಯ ಅಣ್ಣ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಕರೆಯುತ್ತಿದ್ದ. "ಉಮಾನ್ನ ನಮ್ಮ ಅಕ್ಕನ ಮನ್ಯಾಗ ಬಿಟ್ಟು ಹೋಗ್ತೀವ್ರಿ. ಲ್ಯಾಪ್‌ಟಾಪ್ ಹಿಡಕೊಂಡು ಓದ್ಕೋತ ಕುಂದರ್ತಾಳ. ಪರೀಕ್ಷಾ ಬರೀಲಿ ಅಂತೀನ್ರಿ."

"ಬರೀಲಿ ಅಣ್ಣ. ಪರೀಕ್ಷೆ ಹಿಂದಿನ ದಿನ ಕರ್ಕೊಂಡು ಬಂದ್ಬಿಡಿ, ನಮ್ಮನೇಲೇ ಇರ್ತಾಳೆ. ಲ್ಯಾಪ್‌ಟಾಪ್ ಅವಳ ಹತ್ರಾನೇ ಇರ್ಲಿ."

ಉಮಾಶ್ರೀ ಫೋನು ಕಸಿದುಕೊಂಡು, "ಅಕ್ಕೋರ, ಅರವತ್ತನೇ ಪಾಠಕ್ಕ ಬಂದೀನ್ರಿ!" ಎಂದು ಕೂಗಿದಳು. ಅವತ್ತು ರಾತ್ರಿಯಾದರೂ ವೇಣಿ ಮಾವನಿಗೆ ಹೇಳಬಹುದಿತ್ತು. ಬಿಂದುಶ್ರೀಗೆ ಜ್ವರ ಬಂದಿತ್ತು, ಹೇಳಲಿಲ್ಲ.

ಡಿಸೆಂಬರಿನ ಮೊದಲ ವಾರ, ಮಾದನಾಯಕನಹಳ್ಳಿಯ ಗೋಡೌನಿನಲ್ಲಿ ಕೆಲಸ ಮಾಡುವ ಸಂಗಣ್ಣನ ಊರಿನವನೊಬ್ಬ ಗೇಟಿನಲ್ಲಿ ನಿಂತು ಕೂಗಿದ. ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಏಳನೇ ನಂಬರಿನ ಲ್ಯಾಪ್‌ಟಾಪು, ಚಾರ್ಜರು, ಮತ್ತು ಒಂಬತ್ತನೇ ಮನೆಯ ಬೀಗದ ಕೈ.

"ಯಾಕೆ ಕಳಿಸಿದ್ರು?" ವೇಣಿ ಕೇಳಿದಳು.

"ಮಾಲಕರು ಫೋನ್ ಮಾಡಿದ್ರಂತಲ್ರಿ. ಸಂಗಣ್ಣ ಭಾಳ ಅಂಜಿಬಿಟ್ಟ, ಅಕ್ಕೋರ ಕೊಟ್ಟಿದ್ದು ಅಂತ ಹೇಳಾಕೂ ಧೈರ್ಯ ಬರಲಿಲ್ಲಂತ. ಕಳುವು ಮಾಡ್ಯಾರ ಅನ್ನಿಸ್ಕೊಳ್ಳೂದು ಬ್ಯಾಡ, ಮೊದಲು ಮುಟ್ಟಿಸು ಅಂದ."

"ಹುಡುಗಿ? ಅವರತ್ತೆ ಮನೇಲಿದಾಳಾ?"

"ಇಲ್ರಿ, ಅಕೀನೂ ಪುಣೆಕ್ಕ ಹೋದ್ಲು. ಓದಾಕ ಏನೂ ಉಳಿಲಿಲ್ಲ, ಇಲ್ಲಿ ಕುಂತು ಏನ್ ಮಾಡ್ತಿ, ಸಣ್ಣದನ್ನ ಹಿಡ್ಕೊಳ್ಳಾಕ ಬಾ ಅಂತ ಅವರವ್ವ ಕರ್ಕೊಂಡು ಹೋದ್ಲು." ಅವನು ನೀರು ಕುಡಿದು, ಚೊಂಬು ಕೊಟ್ಟು ಹೋದ.

ಹನುಮಂತಯ್ಯ ಒಳಗೆ ಪೇಪರು ಓದುತ್ತಿದ್ದರು.

"ಮಾವ, ನೀವು ಕೇಳಿದ್ರಾ ಇದನ್ನ?"

"ಕೇಳ್ದೆ ಕಣಮ್ಮ. ಬೀಗದ ಕೈ ತಕ್ಕೊಂಡೋಗ್ಬುಟ್ಟವ್ರೆ, ಮನೆ ಬೇರೆಯೋರಿಗೆ ಕೊಡ್ಬೇಕು, ಅದಕ್ಕೆ ಫೋನು ಮಾಡ್ದೆ. ಅಂಗೇ ಇದನ್ನೂ ಕೇಳ್ದೆ. ಮನೆ ಬಿಟ್ಟೋಗೋರು ಎಲ್ಲಾ ಒಪ್ಪಿಸ್ಬುಟ್ಟು ತಾನೆ ಓಗ್ಬೇಕು? ಆರು ಸುಟ್ಟೋಗೈತೆ. ಟ್ರಸ್ಟಿನೋರು ಬಂದು ಏಳ್ನೇದೆಲ್ಲಿ ಅಂದ್ರೆ ನಾನೇನು ಏಳ್ಲಿ?"

"ನಾನೇ ಕೊಟ್ಟಿದ್ದೆ ಮಾವ. ಅವಳ ಪರೀಕ್ಷೆಗೆ."

ಹನುಮಂತಯ್ಯ ಕನ್ನಡಕ ತೆಗೆದು ಸೊಸೆಯನ್ನೇ ನೋಡಿದರು. "ಒಂದ್ ಮಾತು ಏಳ್ಬಾರ್ದಾಗಿತ್ತಾ ತಾಯಿ? ನಾನೇನು ಬ್ಯಾಡ ಅಂತಿದ್ನಾ?"

ಬೇಡ ಎನ್ನುತ್ತಿರಲಿಲ್ಲ. ಅದು ವೇಣಿಗೆ ಈಗ ಗೊತ್ತಾಯಿತು. ಪೂಜೆಯ ದಿನ ಬಾಯಿಬಿಟ್ಟಿದ್ದರೆ ಅತ್ತೆಯೂ ಬಟ್ಟಲು ಕೆಳಗಿಡುತ್ತಿದ್ದರೇನೋ.

ಸಂಗಣ್ಣ ಮಾತಾಡಿದ್ದ ನಂಬರಿಗೆ ಫೋನು ಮಾಡಿದರೆ ಊರಿನ ಕಿರಾಣಿ ಅಂಗಡಿಯವನು ಎತ್ತಿದ. ಪುಣೆಯಲ್ಲಿ ಎಲ್ಲಿ ಎಂದು ಅವನಿಗೆ ಗೊತ್ತಿಲ್ಲ. ಸಂಗಣ್ಣನ ಸ್ವಂತ ನಂಬರು ಚಾಲ್ತಿಯಲ್ಲಿರಲಿಲ್ಲ. ಭಾನು ಗೋಡೌನಿನವನನ್ನು ಹುಡುಕಿಕೊಂಡು ಎರಡು ಸಲ ಹೋಗಿ ಬಂದ. ಎರಡನೇ ಸಲ ಬೈಕು ನಿಲ್ಲಿಸಿ, "ಅವನೂ ಊರಿಗೆ ಹೋದ್ನಂತೆ ಕಣೇ," ಎಂದಷ್ಟೇ ಹೇಳಿ ಒಳಗೆ ಹೋದ.

ಜನವರಿ ಕೊನೆಗೆ ಶಾಲೆಯ ಹೆಡ್‌ಮಾಸ್ಟರು ಹಾಲ್‌ಟಿಕೆಟ್ ಪ್ರಿಂಟು ತೆಗೆಸಿ ಕಳಿಸಿದರು. ಸಮವಸ್ತ್ರದ ಫೋಟೋ, ಎರಡು ಜಡೆ, ಕಣ್ಣು ಅಗಲ. ಪರೀಕ್ಷೆಯ ದಿನ ವೇಣಿ ಬೆಳಗ್ಗೆ ಎಂಟಕ್ಕೇ ಮನೆಗೆಲಸ ಮುಗಿಸಿ, ಹಾಲ್‌ಟಿಕೆಟ್ ಹಿಡಿದು ಜಗಲಿಯ ಮೇಲೆ ಕೂತಳು. ಅಪ್ಪಿತಪ್ಪಿ ಬಸ್ಸಿಳಿದು ಬಂದರೆ ಎಂದು. ಹತ್ತೂವರೆಗೆ ಭದ್ರಮ್ಮ ಬಂದು ಪಕ್ಕದಲ್ಲಿ ಕೂತರು. ಹನ್ನೊಂದಕ್ಕೆ ಪರೀಕ್ಷೆ ಶುರು. ಹನ್ನೊಂದೂಕಾಲಿಗೆ ಭದ್ರಮ್ಮ ಎದ್ದು, "ಬಾ, ತಿನ್ನು ಒಂಚೂರು," ಎಂದರು.

ಅದಾದ ಮೇಲೆಯೇ ವೇಣಿ ಏಳನೇ ನಂಬರನ್ನು ತೆರೆದದ್ದು. ಬಂದು ಎರಡು ತಿಂಗಳಾಗಿದ್ದರೂ ಸೀರೆಯ ಗಂಟಿನಲ್ಲೇ ಇಟ್ಟಿದ್ದಳು. ಪರದೆಯ ಮೇಲೆ ಒಂದು ಗೀರಿಲ್ಲ. ನೂರಾ ಹನ್ನೆರಡು ಪಾಠಗಳೂ ಇದ್ದವು. ಅರವತ್ತಾರನೆಯದು ಮಾತ್ರ ನಡುವೆ ನಿಂತಿತ್ತು. ನೀರಿನ ಟ್ಯಾಂಕಿನ ಲೆಕ್ಕ: ಮುಕ್ಕಾಲು ಟ್ಯಾಂಕಿನಿಂದ ಕಾಲು ತೆಗೆದರೆ ಎಷ್ಟು ಉಳಿಯಿತು, ಎಂದು ಕೇಳಿ, ಮಕ್ಕಳು ಯೋಚಿಸಲಿ ಎಂದು ವೇಣಿ ದನಿ ನಿಲ್ಲಿಸುವ ಜಾಗ. ಅಲ್ಲಿಯೇ ಯಾರೋ ಕರೆದಿರಬೇಕು, ಹುಡುಗಿ ಎದ್ದು ಹೋಗಿದ್ದಾಳೆ.

ಹೊಸ ಪೆನ್‌ಡ್ರೈವಿಗೆ ವೇಣಿ ಎಲ್ಲವನ್ನೂ ಇಳಿಸಿಕೊಂಡಳು. ಮಾವ ಒಪ್ಪಿ, ಊರಿನ ಮಕ್ಕಳು ಈಗ ದಿನಕ್ಕೊಬ್ಬರಂತೆ ಆ ಒಂದರಲ್ಲೇ ಓದುತ್ತಾರೆ. ಅರವತ್ತಾರನೆಯದನ್ನು ಮಾತ್ರ ಯಾರಾದರೂ ಮುಟ್ಟಲು ಹೋದರೆ, "ಅದು ಬೇಡ ಕಣ್ರೋ, ಅದರ ಇನ್ನೊಂದು ಕಾಪಿ ಇದೆ, ಅದನ್ನ ಹಾಕ್ಕೊಳಿ," ಎನ್ನುತ್ತಾಳೆ.

"ಯಾಕೆ ಮಿಸ್?"

"ಅದನ್ನ ಒಬ್ಬಳು ಓದ್ತಿದಾಳೆ."